ಕುದುರೆ ಕಮ್ಮಿ, ಕೆನೆತ ಜಾಸ್ತಿ

ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆ ಹೊರಟವರಿಗೆಲ್ಲ ಆ ಸದ್ದು ಗೊತ್ತಿರುತ್ತದೆ. ನೋಡಲು ಸಾದಾ ಹ್ಯಾಚ್‌ಬ್ಯಾಕ್. ಆಕ್ಸಿಲರೇಟರ್ ತುಳಿದ ಕೂಡಲೇ ಬಾನೆಟ್ಟಿನೊಳಗೆ ಯಾರೋ ದೊಡ್ಡದಾಗಿ ಉಸಿರೆಳೆದುಕೊಂಡ ಹಾಗೆ ಕೇಳಿಸುತ್ತದೆ. ಅದು ಏರ್ ಇಂಟೇಕ್ ಬದಲಾಯಿಸಿದ ಕಾರು. ಕಂಪನಿ ಕೊಟ್ಟ ಕಪ್ಪು ಪ್ಲಾಸ್ಟಿಕ್ ಡಬ್ಬ ಬಿಚ್ಚಿ ಅಟ್ಟಕ್ಕೆ ಹಾಕಿ, ಆ ಜಾಗದಲ್ಲಿ ಹೊಳೆಯುವ ಅಲ್ಯುಮಿನಿಯಂ ಪೈಪು, ಅದರ ತುದಿಗೆ ಕೆಂಪು ಬಣ್ಣದ ಕೋನ್ ಫಿಲ್ಟರ್ ಕೂರಿಸಿರುತ್ತಾರೆ. "ಪವರ್ ಎಷ್ಟು ಜಾಸ್ತಿ ಆಯ್ತು ಗುರು?" ಅಂತ ಕೇಳಿ ನೋಡಿ. "ಸಖತ್ ಡಿಫರೆನ್ಸ್, ಓಡಿಸಿದ್ರೆ ಗೊತ್ತಾಗತ್ತೆ" ಅನ್ನುತ್ತಾರೆ. ನಂಬರ್ ಮಾತ್ರ ಬಾಯಿಗೆ ಬರುವುದಿಲ್ಲ.

ಹೀಗೆ ಹೇಳುವವರಲ್ಲಿ ಮುಕ್ಕಾಲು ಪಾಲು ನನ್ನ ಹಾಗೇ ಬಿ.ಇ. ಓದಿದವರು. ಆಫೀಸಿನಲ್ಲಿ ಯಾರಾದರೂ "ಈ ಕೋಡ್ ಹಾಕಿದ್ರೆ ಫಾಸ್ಟ್ ಆಗತ್ತೆ ಸಾರ್" ಅಂದರೆ ಬೆಂಚ್‌ಮಾರ್ಕ್ ಎಲ್ಲಿ ಅಂತ ಅಡ್ಡ ಹಾಕುವವರು. ಸ್ವಂತ ಕಾರಿನ ವಿಷಯಕ್ಕೆ ಬಂದಾಗ ಆ ಪ್ರಶ್ನೆ ಎಲ್ಲಿ ಹೋಗುತ್ತದೆ ಅನ್ನುವುದೇ ನನ್ನ ತಕರಾರು.

ಮಾರುವವರ ವಾದ ಸರಳ. ಇಂಜಿನ್ ಅಂದರೆ ಗಾಳಿಯ ಪಂಪು. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಹೆಚ್ಚು ಶಕ್ತಿ ಬರುತ್ತದೆ. ಇದರಲ್ಲಿ ಸುಳ್ಳಿಲ್ಲ. ಸೌದೆ ಒಲೆ ಮುಂದೆ ಊದುಗೊಳವೆ ಹಿಡಿದು ಕೂತವರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಯೂ ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಿಮ್ಮ ಕಾರಿನಲ್ಲಿ ಗಾಳಿಗೆ ಅಡ್ಡ ನಿಂತಿರುವುದು ಆ ಫಿಲ್ಟರೇನಾ?

ಲೆಕ್ಕ ಹಾಕೋಣ. 1.2 ಲೀಟರಿನ ಪೆಟ್ರೋಲ್ ಇಂಜಿನ್ ತಗೊಳ್ಳಿ. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೊಮ್ಮೆ 1.2 ಲೀಟರ್ ಗಾಳಿ ಸೇದುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗಿದರೆ ಹೆಚ್ಚುಕಮ್ಮಿ 3,600 ಲೀಟರ್. ಕಂಪನಿಯ ಫಿಲ್ಟರನ್ನು ಈ ಪೂರ್ತಿ ಹರಿವಿಗೆ, ಸಾಕಷ್ಟು ಧೂಳು ಕಟ್ಟಿಕೊಂಡ ಮೇಲೂ ಸಾಲುವ ಹಾಗೆ ಮಾಡಿರುತ್ತಾರೆ. ಸಿಲ್ಕ್ ಬೋರ್ಡ್ ಹತ್ತಿರ ನಾವು ತೆವಳುವುದು 2,000 ಸುತ್ತಿನೊಳಗೆ. ಪೂರ್ತಿ ತುಳಿದರೂ ಅಲ್ಲಿ ಬೇಕಾಗುವುದು 1,200 ಲೀಟರ್, ಮತ್ತು ನಾವ್ಯಾರೂ ಅಲ್ಲಿ ಪೂರ್ತಿ ತುಳಿಯುವುದಿಲ್ಲ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ತಡೆಯಲೆಂದೇ ಥ್ರಾಟಲ್ ಅನ್ನುವ ಬಾಗಿಲಿದೆ. ಅರ್ಧ ಮುಚ್ಚಿದ ಆ ಬಾಗಿಲಿನ ಮುಂದೆ ಎಷ್ಟು ಅಗಲದ ಪೈಪು ಇಟ್ಟರೂ ಒಳಗೆ ಹೋಗುವ ಗಾಳಿ ಅಷ್ಟೇ. ಮನೆಬಾಗಿಲು ಓರೆ ಮಾಡಿಕೊಂಡು ಕಾಂಪೌಂಡಿನ ಗೇಟು ಅಗಲ ಮಾಡಿಸಿದ ಹಾಗೆ.

ಸರಿ, ಖಾಲಿ ರಸ್ತೆಯಲ್ಲಿ ಪೂರ್ತಿ ತುಳಿದಾಗ? ಆಗ ಥ್ರಾಟಲ್ ತೆರೆದಿರುತ್ತದೆ, ಫಿಲ್ಟರಿನ ಅಡ್ಡಿ ಲೆಕ್ಕಕ್ಕೆ ಬರುತ್ತದೆ. ಎಷ್ಟು ಅಂತ ನೀವೇ ಅಳೆಯಬಹುದು. ಒಬಿಡಿ ಸಾಕೆಟ್ಟಿಗೆ ಹಾಕುವ ಬ್ಲೂಟೂತ್ ಡಾಂಗಲ್ ಒಂದು ಸಿನಿಮಾ ಮತ್ತು ಪಾಪ್‌ಕಾರ್ನ್ ಖರ್ಚಿನಲ್ಲಿ ಬರುತ್ತದೆ. ನಿಮ್ಮದು ಟರ್ಬೊ ಇಲ್ಲದ, ಮ್ಯಾನಿಫೋಲ್ಡ್ ಪ್ರೆಶರ್ ಸೆನ್ಸರ್ ಇರುವ ಕಾರಾದರೆ, ಇಂಜಿನ್ ಶುರು ಮಾಡದೆ ಕೀ ಮಾತ್ರ ತಿರುಗಿಸಿ ಆ ಸೆನ್ಸರ್ ಏನು ಹೇಳುತ್ತದೆ ನೋಡಿ. ಅದು ಹೊರಗಿನ ಗಾಳಿಯ ಒತ್ತಡ. ಬೆಂಗಳೂರಿನಲ್ಲಿ ಸುಮಾರು 91 ಕಿಲೋಪಾಸ್ಕಲ್. ಆಮೇಲೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಸುರಕ್ಷಿತ ಜಾಗದಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ತುಳಿದಾಗಿನ ಅಂಕಿ ಬರೆದುಕೊಳ್ಳಿ. ಅದು 89 ಅಂದರೆ ಫಿಲ್ಟರ್, ಡಬ್ಬ, ಪೈಪು, ಥ್ರಾಟಲ್ ಎಲ್ಲ ಸೇರಿ ತಿಂದದ್ದು 2. ಫಿಲ್ಟರನ್ನೇ ಕಿತ್ತು ಬಿಸಾಡಿದರೂ ಸಿಗಬಹುದಾದ ಲಾಭದ ಮಿತಿ ಶೇಕಡಾ ಎರಡರ ಆಸುಪಾಸು. ಎಂಬತ್ತು ಕುದುರೆಯ ಕಾರಿಗೆ ಒಂದೂವರೆ ಕುದುರೆ.

ಇದು ಎಷ್ಟು ಸಣ್ಣದು ಅಂತ ತಿಳಿಯಲು ಮಂಗಳೂರಿಗೆ ಹೋಗಿ ಬನ್ನಿ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಘಾಟಿ ಇಳಿದು ಕಡಲ ಹತ್ತಿರ ಬಂದರೆ ಗಾಳಿಯ ಒತ್ತಡ 101 ಕಿಲೋಪಾಸ್ಕಲ್. ಅಲ್ಲಿನ ಸೆಕೆಯಲ್ಲಿ ಒಂದಿಷ್ಟು ಕಳೆದುಹೋದರೂ, ಟರ್ಬೊ ಇಲ್ಲದ ಕಾರಿಗೆ ಇಂಟೇಕ್ ಕೊಡುವುದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಬಿಟ್ಟಿಯಾಗಿ ಸಿಗುತ್ತದೆ. ಮಂಗಳೂರಿಗೆ ಹೋದವರು ನೀರ್‌ದೋಸೆ ಬಗ್ಗೆ ಮಾತಾಡಿದ್ದು ಕೇಳಿದ್ದೇನೆ, "ಗಾಡಿ ಅಲ್ಲಿ ಸಖತ್ತಾಗಿ ಎಳೀತು" ಅಂದದ್ದು ಕೇಳಿಲ್ಲ. ಅಷ್ಟು ದೊಡ್ಡ ವ್ಯತ್ಯಾಸ ಗೊತ್ತಾಗದವರಿಗೆ ಒಂದೂವರೆ ಕುದುರೆ ಗೊತ್ತಾಯಿತು ಅಂದರೆ ಹೇಗೆ ನಂಬುವುದು?

ಇನ್ನು ಬಿಸಿಯ ಲೆಕ್ಕ. ಕಂಪನಿಯ ಡಬ್ಬಕ್ಕೆ ಒಂದು ಮೂತಿ ಇರುತ್ತದೆ. ಸಾಮಾನ್ಯವಾಗಿ ಅದು ಗ್ರಿಲ್ಲಿನ ಹಿಂದೆ ಬಾಯಿ ತೆರೆದು ಹೊರಗಿನ ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಾನೆಟ್ಟಿನೊಳಗೆ ತೆರೆದಿಟ್ಟ ಕೋನ್ ಎಳೆಯುವುದು ಇಂಜಿನ್ ಸುತ್ತ ಕುದಿಯುವ ಗಾಳಿ. ಹೊರಗೆ 30 ಡಿಗ್ರಿ, ಒಳಗೆ 60 ಡಿಗ್ರಿ ಅಂತಿಟ್ಟುಕೊಂಡರೆ ಪಿಯುಸಿ ಫಿಸಿಕ್ಸ್ ಸಾಕು: ಬಿಸಿ ಗಾಳಿಯ ಸಾಂದ್ರತೆ ಶೇಕಡಾ 9ರಷ್ಟು ಕಡಿಮೆ. ಫಿಲ್ಟರಿನಲ್ಲಿ ಎರಡು ಉಳಿಸಲು ಹೋಗಿ ಬಿಸಿಯಲ್ಲಿ ಒಂಬತ್ತು ಕಳೆದುಕೊಂಡ ವ್ಯಾಪಾರ. ಹೈವೇಯಲ್ಲಿ ಗಾಳಿ ಆಡುವುದರಿಂದ ಈ ನಷ್ಟ ಇಳಿಯುತ್ತದೆ ನಿಜ. ಟ್ರಾಫಿಕ್ಕಿನಲ್ಲಿ ನಿಂತು ಹೊರಟಾಗ ಪೂರ್ತಿ ಇರುತ್ತದೆ.

ಹಾಗಾದರೆ ಡೈನೊ ಗ್ರಾಫುಗಳು ಸುಳ್ಳಾ? ಸುಳ್ಳು ಅನ್ನಲಾರೆ, ಓದುವ ರೀತಿ ಬೇರೆ ಇರಬೇಕು ಅನ್ನುತ್ತೇನೆ. ಡೈನೊ ಮೇಲೆ ಬಾನೆಟ್ ತೆರೆದು, ಮುಂದೆ ದೊಡ್ಡ ಫ್ಯಾನ್ ಇಟ್ಟು ಕಾರು ಓಡಿಸುವುದು ವಾಡಿಕೆ. ತೆರೆದ ಕೋನಿಗೆ ಅಂಥ ಸುಖ ರಸ್ತೆಯಲ್ಲಿ ಎಂದೂ ಸಿಗುವುದಿಲ್ಲ. ಏನೂ ಬದಲಾಯಿಸದೆ ಎರಡು ಸಲ ಓಡಿಸಿದರೂ ಒಂದೆರಡು ಕುದುರೆ ಆಚೀಚೆ ಆಗುತ್ತದೆ. ಅದರ ಮೇಲೆ ಜಾಹೀರಾತಿನ 'ವರೆಗೆ' ಅನ್ನುವ ಪದ ಇದೆಯಲ್ಲ, "ಹತ್ತು ಕುದುರೆಯವರೆಗೆ" ಅಂತ, ಸೊನ್ನೆಯೂ ಅದರೊಳಗೇ ಬರುತ್ತದೆ.

ಮೈಲೇಜ್ ಹೆಚ್ಚುತ್ತದೆ ಅನ್ನುವ ಮಾತಿಗೂ ಉತ್ತರ ಇದೆ. ಅಮೆರಿಕದ ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿ 2009ರಲ್ಲಿ ಈ ಪ್ರಯೋಗದ ವರದಿ ಕೊಟ್ಟಿತು. ಕಂಪ್ಯೂಟರ್ ನಿಯಂತ್ರಣದ, ಫ್ಯುಯೆಲ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಬದಲಾಗಲಿಲ್ಲ. ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುವುದು ಇಸಿಯುನ ಕೆಲಸ, ಅದನ್ನದು ಮಾಡಿತು. ಕಟ್ಟಿದ ಫಿಲ್ಟರ್ ಬದಲಿಸಿ ಹೊಸದು ಹಾಕಿದಾಗ ವೇಗ ಪಡೆಯುವ ಸಮಯ ಮಾತ್ರ ಶೇಕಡಾ 6ರಿಂದ 11ರಷ್ಟು ಸುಧಾರಿಸಿತು. ನಾನು ಓದಿಕೊಂಡದ್ದು ಇಷ್ಟು: ಗಲೀಜು ಫಿಲ್ಟರೇ ಮೈಲೇಜ್ ಕೆಡಿಸಲಿಲ್ಲ ಅಂದಮೇಲೆ ದುಬಾರಿ ಫಿಲ್ಟರ್ ಅದನ್ನು ಹೆಚ್ಚಿಸುವುದೂ ಇಲ್ಲ. ಪಿಕಪ್ ಬೇಕಾದವರು ಸಾದಾ ಪೇಪರ್ ಫಿಲ್ಟರನ್ನು ಟೈಮಿಗೆ ಸರಿಯಾಗಿ ಬದಲಾಯಿಸಿದರೆ ಸಾಕು.

ಇಷ್ಟಾದರೂ "ಓಡಿಸಿದ್ರೆ ಗೊತ್ತಾಗತ್ತೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಏನೋ ಗೊತ್ತಾಗುತ್ತದೆ. ಅದು ಸದ್ದು. ಆ ಕಪ್ಪು ಡಬ್ಬಕ್ಕೆ ಅಂಟಿಕೊಂಡು ಎಲ್ಲಿಗೂ ಹೋಗದ ಒಂದು ಖಾಲಿ ಕೋಣೆ ಇರುತ್ತದೆ. ದಡ್ಡನಿಗೆ ಅದು ದಂಡದ ಪ್ಲಾಸ್ಟಿಕ್ ಅನಿಸಬೇಕು. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಅದೇ ತತ್ವದಲ್ಲಿ ಆ ಕೋಣೆ ಇಂಜಿನ್ನಿನ ಒಂದು ಸ್ವರವನ್ನು ನುಂಗುತ್ತದೆ. ಹೆಲ್ಮ್‌ಹೋಲ್ಟ್ಸ್ ರೆಸೊನೇಟರ್ ಅಂತ ಇಂಜಿನಿಯರಿಂಗಿನಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಡಬ್ಬ ತೆಗೆದರೆ ಮುಚ್ಚಿಟ್ಟ ದನಿ ಹೊರಬರುತ್ತದೆ. ದನಿ ಜೋರಾದರೆ ವೇಗ ಹೆಚ್ಚಾದ ಹಾಗೆ ಮನಸ್ಸು ನಂಬುತ್ತದೆ.

ಸದ್ದಿಗೆ ದುಡ್ಡು ಕೊಡುವುದು ತಪ್ಪೇನಲ್ಲ. ಒಳ್ಳೆ ಸ್ಪೀಕರ್ ತಗೊಳ್ಳುವುದಿಲ್ವಾ? ಆದರೆ ಈ ಸ್ಪೀಕರ್ ಇಂಜಿನ್ನಿನ ಮೂಗಿನ ಮೇಲೆ ಕೂತಿದೆ, ಅದೇ ತೊಂದರೆ. ಮತ್ತು ನಮ್ಮದು ಧೂಳಿನ ನಾಡು. ನಮ್ಮೂರಲ್ಲಿ ರಾಗಿ ಒಕ್ಕಣೆ ಮುಗಿದ ದಿನ ಚಿಕ್ಕಪ್ಪ ಟ್ರ್ಯಾಕ್ಟರಿನ ಏರ್ ಕ್ಲೀನರಿನ ಎಣ್ಣೆ ಬಟ್ಟಲನ್ನು ಬಿಚ್ಚುತ್ತಿದ್ದರು. ಒಳಗೆ ಎಣ್ಣೆ ಇರುತ್ತಿರಲಿಲ್ಲ, ಕೆಸರಿರುತ್ತಿತ್ತು. "ಇದು ಒಳಕ್ಕೆ ಹೋಗಿದ್ರೆ ಇಂಜಿನ್ ಕಥೆ ಮುಗೀತಿತ್ತು ಕಣೋ" ಅಂತ ಅದನ್ನು ಚೆಲ್ಲಿ ಹೊಸ ಎಣ್ಣೆ ಹಾಕುತ್ತಿದ್ದರು. ಮಣ್ಣಿನಲ್ಲಿರುವ ಸಿಲಿಕಾ ಕಣಗಳು ಪಿಸ್ಟನ್ ರಿಂಗು, ಸಿಲಿಂಡರ್ ಗೋಡೆಗಳನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತವೆ. ಫಿಲ್ಟರಿನ ಕೆಲಸ ಮೊದಲು ಧೂಳು ಹಿಡಿಯುವುದು, ಆಮೇಲೆ ಗಾಳಿ ಬಿಡುವುದು.

ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಕೆಟ್ಟ ವಸ್ತು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಹೆಸರಾದ ಕೆ ಅಂಡ್ ಎನ್ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ ರೇಸಿನವರ ನಡುವೆ ಬೆಳೆದದ್ದು. ರೇಸಿನ ಇಂಜಿನ್ ಪದೇ ಪದೇ ಬಿಚ್ಚಿ ಕಟ್ಟುವಂಥದ್ದು, ಅಲ್ಲಿ ಒಂದು ಕುದುರೆಗೂ ಬೆಲೆಯಿದೆ. ನಮ್ಮ ಕಾರು ಹತ್ತು ವರ್ಷ ಬಾಳಬೇಕು. ಹತ್ತಿಯ ಫಿಲ್ಟರನ್ನು ತೊಳೆದು, ಒಣಗಿಸಿ, ಹದವಾಗಿ ಎಣ್ಣೆ ಹಚ್ಚಬೇಕು. ಕಮ್ಮಿಯಾದರೆ ಧೂಳು ನುಗ್ಗುತ್ತದೆ, ಜಾಸ್ತಿಯಾದರೆ ಏರ್‌ಫ್ಲೋ ಸೆನ್ಸರಿಗೆ ಎಣ್ಣೆ ಮೆತ್ತಬಹುದು. ತಂಪು ಗಾಳಿಗಾಗಿ ಪೈಪನ್ನು ಬಂಪರಿನ ಕೆಳಗೆ ಇಳಿಸುವ ಕಿಟ್ಟುಗಳದ್ದು ಮತ್ತೊಂದು ಕಥೆ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಕೆರೆಯಾದದ್ದು ನೆನಪಿದೆಯಲ್ಲ? ಅಂಥ ನೀರಿನಲ್ಲಿ ಕೆಳಗಿಳಿಸಿದ ಇಂಟೇಕ್ ಸೇದುವುದು ಗಾಳಿಯನ್ನಲ್ಲ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸಿಲಿಂಡರಿಗೆ ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಯಾರಿಗೆ ಇದು ಸರಿ? ಟರ್ಬೊ ಕಾರಿಗೆ ಇಸಿಯು ಟ್ಯೂನಿಂಗ್ ಮಾಡಿಸಿ, ಬೂಸ್ಟ್ ಏರಿಸಿ, ಕಂಪನಿ ಯೋಚಿಸಿದ್ದಕ್ಕಿಂತ ಬಹಳ ಹೆಚ್ಚು ಗಾಳಿ ಎಳೆಯುತ್ತಿರುವವರಿಗೆ, ಟ್ರ್ಯಾಕಿಗೆ ಹೋಗುವವರಿಗೆ. ಅಲ್ಲಿ ಹಳೆ ಡಬ್ಬ ನಿಜಕ್ಕೂ ಅಡ್ಡಿಯಾಗಬಹುದು. ಆಗಲೂ ಇಂಜಿನ್ನಿನ ಬಿಸಿ ತಾಗದ ಹಾಗೆ ಮುಚ್ಚಿದ ಪೆಟ್ಟಿಗೆಯೊಳಗಿನ ಫಿಲ್ಟರೇ ಆಗಬೇಕು. ಅಂದರೆ ಇಂಟೇಕ್ ಅನ್ನುವುದು ಕಡೆಯ ಮೆಟ್ಟಿಲು. ನಮ್ಮ ಹುಡುಗರು ಅದನ್ನೇ ಮೊದಲ ಮೆಟ್ಟಿಲು ಮಾಡಿಕೊಂಡಿದ್ದಾರೆ, ಯಾಕೆಂದರೆ ಒಂದು ಸ್ಕ್ರೂಡ್ರೈವರ್ ಇದ್ದರೆ ಮನೆಯಲ್ಲೇ ಹಾಕಬಹುದು.

ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಮನೆತನದ ಮೊದಲ ಕಾರು. ಐದು ವರ್ಷದ ಇ.ಎಂ.ಐ. ಇದೆ. ಹಬ್ಬಕ್ಕೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಟಾರು ಕಾಣದ ರಸ್ತೆಯಲ್ಲಿ ಹೋಗಬೇಕು. ವಾರಂಟಿ ಇದ್ದಾಗ ಇಂಜಿನ್ನಿಗೆ ಏನಾದರೂ ಆದರೆ ಸರ್ವಿಸ್ ಸೆಂಟರಿನವರು ಮೊದಲು ಬೆರಳು ತೋರಿಸುವುದೇ ಆ ಕೆಂಪು ಕೋನಿನ ಕಡೆ. ಆ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ. ಬ್ರೇಕ್ ಹಿಡಿದಾಗ, ಮಳೆಯಲ್ಲಿ ತಿರುಗಿಸಿದಾಗ ವ್ಯತ್ಯಾಸ ನಿಜವಾಗಿ ಗೊತ್ತಾಗುತ್ತದೆ. ಸದ್ದೇ ಬೇಕು ಅನ್ನುವವರು ಹಾಕಿಸಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಬಿಲ್ಲಿನಲ್ಲಿ ಮಾತ್ರ ಅದನ್ನು ಪವರ್ ಅಂತ ಬರೆಯಬೇಡಿ, ಮ್ಯೂಸಿಕ್ ಸಿಸ್ಟಮ್ ಅಂತ ಬರೆದುಕೊಳ್ಳಿ. ಮತ್ತೆ ಆ ಕಪ್ಪು ಡಬ್ಬವನ್ನು ಗುಜರಿಗೆ ಹಾಕಬೇಡಿ. ಕಾರು ಮಾರುವ ದಿನ ಕೊಳ್ಳುವವರು ಅದನ್ನು ಕೇಳುತ್ತಾರೆ.