ನೆಟ್ಟ ಗಿಡ, ಹಿಡಿದ ಗಿಡ: ಸೇವಾ ಶಿಬಿರಗಳ ಮಾನ್ಯತಾ ನಮೂನೆಯ ವಿಮರ್ಶೆ

ಪದವಿ ಕಾಲೇಜುಗಳು ಮಾನ್ಯತೆಗಾಗಿ ಸಿದ್ಧಪಡಿಸುವ ದಪ್ಪ ಕಡತಗಳಲ್ಲಿ ಕಾಲೇಜಿಗೂ ಊರಿಗೂ ಇರುವ ನಂಟನ್ನು ಅಳೆಯಲು ಹೊರಡುವ ಪುಟಗಳು ಕೆಲವೇ ಕೆಲವು. ಅವುಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ವಿಶೇಷ ಶಿಬಿರದ ಪುಟ ಮುಖ್ಯವಾದುದು. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ಶಿಬಿರಗಳು ತೆಂಗಿನ ತೋಟಗಳ ನಡುವಿನ ಹಳ್ಳಿಗಳಲ್ಲಿ, ಶಾಲೆಯ ಕೊಠಡಿಯಲ್ಲೋ ಸಮುದಾಯ ಭವನದಲ್ಲೋ ಬೀಡುಬಿಟ್ಟು ನಡೆಯುತ್ತವೆ. ಏಳು ದಿನದ ಈ ಕೆಲಸ ಕಾಗದಕ್ಕೆ ಇಳಿಯುವಾಗ ಎಷ್ಟು ಉಳಿಯುತ್ತದೆ, ಎಷ್ಟು ಉಬ್ಬುತ್ತದೆ, ಎಷ್ಟು ಕಳೆದುಹೋಗುತ್ತದೆ ಎಂಬುದು ಬರೀ ಗುಮಾಸ್ತಿಕೆಯ ಪ್ರಶ್ನೆಯಲ್ಲ. ನಮೂನೆ ಕೇಳುವ ಪ್ರಶ್ನೆಗಳಲ್ಲೇ ದೋಷವಿದೆ. ಆ ದೋಷವಿದ್ದೂ ಅದನ್ನು ನಿಜವಾಗಿ ತುಂಬಲು ಸಾಧ್ಯವಿದೆ. ಹಾಗೆ ತುಂಬುವುದು ಪರಿಶೀಲನಾ ತಂಡಕ್ಕಿಂತ ಹೆಚ್ಚಾಗಿ ಶಿಬಿರಕ್ಕೆ ಜಾಗ ಕೊಟ್ಟ ಊರಿಗೆ ಸಲ್ಲಬೇಕಾದ ಋಣ.

ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಅದಕ್ಕೆ ಚಾಲನೆ ಕೊಟ್ಟ ಅಂದಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದಿದ್ದ ಅರ್ಥಶಾಸ್ತ್ರಜ್ಞರು. ಯೋಜನೆಯ ನಿಯಮದಂತೆ ಸ್ವಯಂಸೇವಕನಾದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಇದರ ಜೊತೆಗೆ, ಇದರ ಒಳಗಲ್ಲ, ಏಳು ದಿನದ ಒಂದು ವಿಶೇಷ ಶಿಬಿರವನ್ನು ಪೂರೈಸಬೇಕು. ಆ 120 ಗಂಟೆಗಳನ್ನೂ ಪರಿಚಯ ತರಬೇತಿಗೆ 20, ಕಾಲೇಜಿನ ಆವರಣದ ಕೆಲಸಕ್ಕೆ 30, ಸಮುದಾಯದ ಕೆಲಸಕ್ಕೆ 70 ಎಂದು ಕೈಪಿಡಿ ಹಂಚಿಕೊಟ್ಟಿದೆ. ಹೀಗಿದ್ದೂ ಗಂಟೆಗಳ ಲೆಕ್ಕ ಕಡಿಮೆ ಬಿದ್ದಾಗ ಶಿಬಿರದ ಗಂಟೆಗಳನ್ನು ಅದಕ್ಕೆ ಸೇರಿಸಿ ಸರಿದೂಗಿಸಿದರೆ ಒಂದೇ ದುಡಿಮೆ ಎರಡು ಕಡೆ ಜಮೆಯಾಗುತ್ತದೆ. ಬರೆದವರಿಗೆ ಇದು ಸುಳ್ಳು ಎಂದೂ ಅನ್ನಿಸದಿರಬಹುದು, ಏಕೆಂದರೆ ದುಡಿಮೆಯಂತೂ ನಡೆದಿದೆ. ತಪ್ಪಿರುವುದು ಅದನ್ನು ಬರೆದ ಅಂಕಣದಲ್ಲಿ.

ವಿಶ್ವವಿದ್ಯಾಲಯ ಅನುದಾನ ಆಯೋಗವು 1994ರಲ್ಲಿ ಸ್ಥಾಪಿಸಿದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ, ಅಂದರೆ ಎಲ್ಲರ ಬಾಯಲ್ಲಿರುವ ನ್ಯಾಕ್, ಕಾಲೇಜುಗಳನ್ನು ಏಳು ಮಾನದಂಡಗಳಲ್ಲಿ ತೂಗುತ್ತ ಬಂದಿದೆ. 2017ರಲ್ಲಿ ಪರಿಷ್ಕರಿಸಿದ ಪದ್ಧತಿಯಲ್ಲಿ ಕಾಲೇಜೇ ಬರೆದು ಸಲ್ಲಿಸುವ ಸ್ವಯಂ ಅಧ್ಯಯನ ವರದಿಯೊಳಗಿನ ಅಂಕಿಅಂಶಗಳಿಗೆ ಹೆಚ್ಚಿನ ತೂಕ ದೊರೆಯಿತು. ಅವುಗಳನ್ನು ದಾಖಲೆಗಳೊಂದಿಗೆ ತಾಳೆ ನೋಡುವ ಕೆಲಸ ದೂರದಲ್ಲೆಲ್ಲೋ ಕುಳಿತು ನಡೆಯುತ್ತದೆ, ಇದಕ್ಕೆ ಡಿವಿವಿ ಎಂದು ಹೆಸರು. ಆಮೇಲೆ ಪಿಯರ್ ಟೀಮ್ ಎಂಬ ತಜ್ಞರ ತಂಡ ಕಾಲೇಜಿಗೆ ಭೇಟಿ ಕೊಡುತ್ತದೆ. ಸೇವಾ ಶಿಬಿರಗಳು ಬರುವುದು ಮೂರನೆಯ ಮಾನದಂಡದ ವಿಸ್ತರಣಾ ಚಟುವಟಿಕೆಗಳಲ್ಲಿ, ಅಂದರೆ ಕಾಲೇಜು ತನ್ನ ಗೋಡೆಯಾಚೆ ಸಮಾಜಕ್ಕಾಗಿ ನಡೆಸುವ ಕೆಲಸಗಳಲ್ಲಿ. ಅಲ್ಲಿನ ಸಂಖ್ಯಾ ಮಾಪಕ ಕೇಳುತ್ತ ಬಂದಿರುವುದು ಐದು ವರ್ಷಗಳಲ್ಲಿ ನಡೆದ ಕಾರ್ಯಕ್ರಮಗಳೆಷ್ಟು, ಭಾಗವಹಿಸಿದ ವಿದ್ಯಾರ್ಥಿಗಳೆಷ್ಟು ಎಂಬುದನ್ನು.

ಎಡವಟ್ಟು ಶುರುವಾಗುವುದು ಇಲ್ಲಿಯೇ. ಉದಾಹರಣೆಗೆ 350 ವಿದ್ಯಾರ್ಥಿಗಳಿರುವ ಒಂದು ಕಾಲೇಜಿನಿಂದ 50 ಶಿಬಿರಾರ್ಥಿಗಳು ಏಳು ದಿನ ಹಳ್ಳಿಯಲ್ಲಿದ್ದು, ಬೆಳಗಿನ ಶ್ರಮದಾನದ ಜೊತೆಗೆ ಆರು ಸಂಜೆ ಆರು ಉಪನ್ಯಾಸ, ಒಂದು ಆರೋಗ್ಯ ತಪಾಸಣೆ, ಒಂದು ಪಶು ಚಿಕಿತ್ಸಾ ಶಿಬಿರ ನಡೆಸಿದರು ಎಂದುಕೊಳ್ಳಬಹುದು. ಇದನ್ನು ಒಂದು ಕಾರ್ಯಕ್ರಮ, 50 ವಿದ್ಯಾರ್ಥಿಗಳು ಎಂದೂ ಬರೆಯಬಹುದು. ಎಂಟು ಕಾರ್ಯಕ್ರಮ, 400 ವಿದ್ಯಾರ್ಥಿಗಳು ಎಂದೂ ಬರೆಯಬಹುದು. ಎಂಟು ಕಾರ್ಯಕ್ರಮ ನಡೆದದ್ದು ನಿಜ, ಅದನ್ನು ಹಾಗೆಂದು ಬರೆದರೆ ತಪ್ಪಿಲ್ಲ. ಆದರೆ 400 ವಿದ್ಯಾರ್ಥಿಗಳು ಎಲ್ಲಿಯೂ ಇರಲಿಲ್ಲ, ಇದ್ದವರು ಅದೇ 50 ಮಂದಿ. ಓದುವವರಿಗಿಂತ ಭಾಗವಹಿಸಿದವರೇ ಹೆಚ್ಚಾದ ಇಂಥ ಕೋಷ್ಟಕವನ್ನು ಕಂಡಾಗ ತಾಳೆ ನೋಡುವವರು ಮೋಸವನ್ನು ಶಂಕಿಸುತ್ತಾರೆ, ಆದರೆ ಹಲವು ಸಲ ಅಲ್ಲಿರುವುದು ತಲೆಗಳನ್ನೂ ಹಾಜರಿಗಳನ್ನೂ ಒಂದೇ ಎಂದು ತಿಳಿದ ಗೊಂದಲ. ಇಷ್ಟು ಮಂದಿ ವ್ಯಕ್ತಿಗಳು, ಇಷ್ಟು ದಿನದ ಹಾಜರಿ, ಇಷ್ಟು ಕಾರ್ಯಕ್ರಮ ಎಂದು ಮೂರನ್ನೂ ಬಿಡಿಬಿಡಿಯಾಗಿ ಹೇಳುವ ಒಂದು ಸಾಲನ್ನು ಪಕ್ಕದಲ್ಲಿ ಬರೆದರೆ ನಮೂನೆಯ ಮಿತಿಯೊಳಗೇ ಸತ್ಯ ಹಿಡಿಸುತ್ತದೆ. ನಡುವೆ ಜ್ವರ ಬಂದು ಮನೆಗೆ ಹೋದ ಇಬ್ಬರು ಆ ಸಾಲಿನಲ್ಲಿ ಕಾಣಿಸಬೇಕು. 50 ಗುಣಿಸು 7 ಎಂಬ ನುಣುಪಾದ 350ಕ್ಕಿಂತ 341 ಎಂಬ ಒರಟು ಸಂಖ್ಯೆ ಹೆಚ್ಚು ನಂಬಿಕೆಗೆ ಅರ್ಹ.

ದಿನಚರಿಯ ವಿಷಯವೂ ಹೀಗೆಯೇ. ಪ್ರಭಾತಫೇರಿಯಿಂದ ರಾತ್ರಿಯ ಸಾಂಸ್ಕೃತಿಕ ಕಾರ್ಯಕ್ರಮದವರೆಗಿನ ವಿವರವನ್ನು ಅಂದಂದೇ ಬರೆಯಬೇಕಾದ ಪುಸ್ತಕದಲ್ಲಿ ಏಳು ದಿನದ ಪುಟಗಳೂ ಒಂದೇ ಕೈಬರಹ, ಒಂದೇ ಪೆನ್ನು, ಒಂದೇ ಒತ್ತಿನಲ್ಲಿದ್ದರೆ ಅದು ಸಮಾರೋಪದ ಹಿಂದಿನ ರಾತ್ರಿ ಕುಳಿತು ಮುಗಿಸಿದ್ದೆಂದು ಯಾರಿಗಾದರೂ ತಿಳಿಯುತ್ತದೆ. ಜಿಯೋಟ್ಯಾಗ್ ಇರುವ ಫೋಟೋ, ಅಂದರೆ ತೆಗೆದ ಜಾಗ ಮತ್ತು ಹೊತ್ತು ಅಚ್ಚಾದ ಚಿತ್ರ, ಗುದ್ದಲಿ ಹಿಡಿದು ನಿಂತದ್ದಕ್ಕೆ ಸಾಕ್ಷಿಯೇ ಹೊರತು ಎಷ್ಟು ಮಾರು ಚರಂಡಿ ತೆಗೆದರು ಎಂಬುದಕ್ಕಲ್ಲ.

ತೆಂಗಿನ ಸೀಮೆಗೆ ದಾಖಲೆಯ ಬೆಲೆ ಹೊಸದಾಗಿ ಕಲಿಯಬೇಕಾದ ವಿಷಯವಲ್ಲ. ಅಟ್ಟದ ಮೇಲೆ ಸುಮಾರು ಒಂದು ವರ್ಷ ಒಣಗಿದ ಕಾಯಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಚಿಪ್ಪಿಗೆ ಬಡಿಯುವ ಸದ್ದು ಕೇಳಿದ ಮೇಲೆಯೇ ಒಡೆಯುವ ಜನರಿವರು. ಸದ್ದಿಲ್ಲದ ಕಾಯಿಯನ್ನು ಕೊಬ್ಬರಿ ಎಂದು ಲೆಕ್ಕಕ್ಕೆ ಹಿಡಿದವರನ್ನು ತಿಪಟೂರಿನ ಮಾರುಕಟ್ಟೆ ಒಪ್ಪುವುದಿಲ್ಲ. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆಯಲ್ಲಿ ನಾಫೆಡ್ ಮೂಲಕ ಖರೀದಿಗೆ ಹೆಸರು ನೋಂದಾಯಿಸುವಾಗ ಅಕ್ರಮದ ದೂರುಗಳು ಎದ್ದು, ಆ ನೋಂದಣಿಯನ್ನೇ ರದ್ದುಮಾಡಿ ಮತ್ತೆ ನೋಂದಾಯಿಸಬೇಕಾಯಿತು. ಕೊಬ್ಬರಿಯೇ ಇಲ್ಲದವರ ಹೆಸರು ಪಟ್ಟಿಗೇರಿದರೆ ನಷ್ಟವಾಗುವುದು ಮೂಟೆ ಕಟ್ಟಿಟ್ಟು ಕಾದವರಿಗೆ. ಮಾನ್ಯತೆಯ ನಮೂನೆಯಲ್ಲೂ ಇದೇ ನ್ಯಾಯ: ನಿಜವಾಗಿ ದುಡಿದ 50 ಮಕ್ಕಳ ಕಾಲೇಜನ್ನು ಉಬ್ಬಿಸಿದ 400ರ ಎದುರು ನಿಲ್ಲಿಸಿದಾಗ ಅನ್ಯಾಯವಾಗುವುದು ಬೆವರು ಸುರಿಸಿದವರಿಗೆ.

ನಮೂನೆಯ ಅತ್ಯಂತ ದೊಡ್ಡ ಕೊರತೆ ಕಾಣುವುದು ಗಿಡ ನೆಡುವ ಕೆಲಸದಲ್ಲಿ. ಶಿಬಿರದ ವರದಿಗಳಲ್ಲಿ ಹೆಚ್ಚು ಸಲೀಸಾಗಿ ಬರುವ ವಾಕ್ಯವೆಂದರೆ ಇಷ್ಟು ಗಿಡಗಳನ್ನು ನೆಡಲಾಯಿತು ಎಂಬುದು. ಆದರೆ ಈ ಸೀಮೆಯ ರೈತನ ಮಾತಿನಲ್ಲಿ ನೆಟ್ಟ ಗಿಡ ಬೇರೆ, ಹಿಡಿದ ಗಿಡ ಬೇರೆ. ಬೇರು ಮಣ್ಣನ್ನು ಹಿಡಿದು ಹೊಸ ಸುಳಿ ಮೂಡುವವರೆಗೆ ಅದು ಲೆಕ್ಕಕ್ಕೆ ಬರುವುದಿಲ್ಲ. ತಿಪಟೂರು ಟಾಲ್ ಎಂಬ ಇಲ್ಲಿನ ಎತ್ತರದ ತೆಂಗಿನ ತಳಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಅದಕ್ಕೂ ಮೊದಲು ಒಂದೆರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು, ಗರಿಯ ನೆರಳು ಕಟ್ಟಿ, ದನದ ಬಾಯಿಂದ ಕಾಯಬೇಕು. ಇಂಥ ನೆಲದಲ್ಲಿ ನಿಂತು ಏಳು ದಿನದ ಕೊನೆಗೆ ಗಿಡಗಳ ಸಂಖ್ಯೆಯನ್ನು ಸಾಧನೆಯೆಂದು ಬರೆಯುವುದು ರೈತನ ಲೆಕ್ಕದಲ್ಲಿ ಅರ್ಧ ವಾಕ್ಯ. ನಿಖರವಾದ ನಮೂದು ಹೇಗಿರುತ್ತದೆಂದರೆ: ಶಾಲೆಯ ಕಾಂಪೌಂಡಿನ ಒಳಗೆ ಹೊಂಗೆ 14, ಬೇವು 6, ನೀರಿನ ಹೊಣೆ ಶಾಲೆಯದು, ಕೆರೆ ಏರಿಯ ಪಕ್ಕ ನೇರಳೆ 10, ಬೇಲಿ ಹಾಕಿಲ್ಲ. ಕೊನೆಯ ಆ ಎರಡು ಪದ ಅಂಕವನ್ನೇನೂ ತರುವುದಿಲ್ಲ, ಆದರೆ ಮುಂದಿನ ವರ್ಷ ಹತ್ತು ನೇರಳೆ ಗಿಡ ಏಕೆ ಇಲ್ಲ ಎಂಬುದಕ್ಕೆ ಅದೇ ಉತ್ತರ.

ಕಾಗದವನ್ನಷ್ಟೇ ಅಲ್ಲ, ಶಿಬಿರವನ್ನೇ ಕಣ್ಣಾರೆ ನೋಡಿ ಅಳೆಯುವ ಪದ್ಧತಿಯೂ ಇದೆ. ಅಮೆರಿಕದಲ್ಲಿ 1910ರಲ್ಲಿ ಹುಟ್ಟಿದ ಶಿಬಿರಗಳ ಸಂಘವೊಂದು, ಇಂದಿನ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್, ಮಕ್ಕಳ ಬೇಸಿಗೆ ಶಿಬಿರಗಳಿಗೆ ಮಾನ್ಯತೆ ಕೊಡುವಾಗ ಪರಿಶೀಲಕರನ್ನು ಶಿಬಿರ ನಡೆಯುತ್ತಿರುವಾಗಲೇ ಕಳಿಸುತ್ತದೆ. ಮಕ್ಕಳ ಸುರಕ್ಷತೆಗೆ ಸಂಬಂಧಿಸಿದ ಕೆಲವು ಕಡ್ಡಾಯ ಅಂಶಗಳಲ್ಲಿ ತಪ್ಪಿದರೆ ಉಳಿದ ಅಂಕಗಳು ಎಷ್ಟಿದ್ದರೂ ಮಾನ್ಯತೆ ದೊರೆಯುವುದಿಲ್ಲ. ಇಲ್ಲಿ ಪಿಯರ್ ಟೀಮ್ ಬರುವ ಹೊತ್ತಿಗೆ ಶಿಬಿರ ಮುಗಿದು ತಿಂಗಳುಗಳೋ ವರ್ಷಗಳೋ ಕಳೆದಿರುತ್ತವೆ, ಕಣ್ಣಿಗೆ ಬೀಳುವುದು ಕಾಗದ ಮಾತ್ರ. ನೋಡುವ ಕಣ್ಣು ಇಲ್ಲದ ಕಡೆ ಬರೆದ ಕೈಯ ಹೊಣೆ ಹೆಚ್ಚು. ಕೆರೆ, ಕಲ್ಯಾಣಿ, ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡ ಇರುವ ಊರಿನಲ್ಲಿ ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಏಳು ದಿನ ಇರಿಸುವಾಗ ನೀರಿನ ಬಳಿ ಯಾರು ನಿಲ್ಲುತ್ತಾರೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬ ವಿವರಗಳನ್ನು ಸಂಖ್ಯಾ ಮಾಪಕ ಕೇಳದಿದ್ದರೂ ವರದಿ ತಾನಾಗಿ ಹೇಳಬೇಕು. 2024ರಲ್ಲಿ ನ್ಯಾಕ್ ಶ್ರೇಣಿಗಳ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಎರಡೇ ಫಲಿತಾಂಶದ ಪದ್ಧತಿಗೆ ಹೊರಳುವುದಾಗಿ ಪ್ರಕಟಿಸಿತು. ಈ ಬದಲಾವಣೆಯಿಂದ ಬರೆದ ಅಂಕಿಗಳ ತೂಕ ಹೆಚ್ಚುವುದೇ ಹೊರತು ಇಳಿಯುವುದಿಲ್ಲ.

ಇನ್ನೊಂದು ಅಂಕಣವಂತೂ ನಮೂನೆಯಲ್ಲಿ ಇಲ್ಲವೇ ಇಲ್ಲ. ವಿದ್ಯಾರ್ಥಿಗಳು ಊರಿಗೆ ಕೊಟ್ಟದ್ದೇನು ಎಂದು ಅದು ಕೇಳುತ್ತದೆ, ಊರು ಅವರಿಗೆ ಕೊಟ್ಟದ್ದನ್ನು ಕೇಳುವುದಿಲ್ಲ. ಸರ್ಕಾರದ ತಲಾವಾರು ಅನುದಾನದ ಲೆಕ್ಕ ಪೈಸೆಯವರೆಗೆ ದಾಖಲಾಗುವಾಗ, ಅಡುಗೆಗೆ ಬಂದ ಕಾಯಿ, ಮನೆಮನೆಯಿಂದ ಬಂದ ರಾಗಿ ಮತ್ತು ಸೊಪ್ಪು, ಮಧ್ಯಾಹ್ನದ ಬಿಸಿಲಿನಲ್ಲಿ ಕೆತ್ತಿಕೊಟ್ಟ ಎಳನೀರು ಎಲ್ಲಿಯೂ ಜಮೆಯಾಗುವುದಿಲ್ಲ. ಯೋಜನೆಯ ಧ್ಯೇಯವಾಕ್ಯವೇ ನನಗಲ್ಲ ನಿನಗೆ ಎಂದಿರುವಾಗ, ಹಾಗೆ ನಡೆದುಕೊಂಡ ಊರಿನವರ ಹೆಸರಿಲ್ಲದ ವರದಿ ಅಪೂರ್ಣ. ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಉಳಿಯಬೇಕು. ಕಾಯಿ ಎಷ್ಟು ಬಂತು, ಗಿಡ ಎಲ್ಲೆಲ್ಲಿ ನೆಟ್ಟರು ಎಂಬ ಪುಟಕ್ಕೆ ಊರಿನವರಿಂದಲೂ ಒಂದು ಸಹಿ ಬೀಳಬೇಕು. ಮರುವರ್ಷ ಅದೇ ಊರಿಗೆ ಹೊಸ ತಂಡ ಬಂದಿಳಿದಾಗ ಧ್ವಜಾರೋಹಣಕ್ಕೂ ಮೊದಲು ಆ ಪುಟವನ್ನು ಹಿಡಿದು ಶಾಲೆಯ ಕಾಂಪೌಂಡಿಗೆ ಹೋಗಿ, ಇಪ್ಪತ್ತರಲ್ಲಿ ಎಷ್ಟು ಹಿಡಿದಿವೆ ಎಂದು ಎಣಿಸಿ ಪಕ್ಕದಲ್ಲಿ ಬರೆಯಬಹುದು.