ಮಸಣದಲ್ಲಿ ರಾಣಿವೇಷ

ಮದುವೆಗೆ ಮುಂಚಿನ ಫೋಟೊಶೂಟ್‌ಗೆ ಈಗ ಹೊಗಳುಭಟರೂ ಹುಟ್ಟಿಕೊಂಡಿದ್ದಾರೆ. ಗೇರುಸೊಪ್ಪದ ಬಸದಿಗಳ ಮುಂದೆ, ಕುಮಟಾ ಹತ್ತಿರದ ಮಿರ್ಜಾನ ಕೋಟೆಯ ಬುರುಜಿನ ಮೇಲೆ ಬಾಡಿಗೆ ಕಿರೀಟ, ರಟ್ಟಿನ ಕತ್ತಿ, ನೆಲ ಗುಡಿಸುವ ಸೆರಗಿನೊಂದಿಗೆ ವಧು ನಿಂತರೆ ಸಾಕು, ಇದು ಪರಂಪರೆಯ ಮರುಹುಟ್ಟು, ಕಾಳುಮೆಣಸಿನ ರಾಣಿಗೆ ಹೊಸ ತಲೆಮಾರಿನ ನಮನ ಎಂಬ ಮಾತು ಶುರುವಾಗುತ್ತದೆ. ಹಾಳು ಬಿದ್ದ ಜಾಗಕ್ಕೆ ಜನ ಬರುವಂತಾಯಿತಲ್ಲ ಎಂಬುದು ಈ ಪಂಥದ ಮುಖ್ಯ ವಾದ. ಮಿರ್ಜಾನದ ಮಟ್ಟಿಗೆ ನನ್ನದೇನೂ ತಕರಾರಿಲ್ಲ. ಕೋಟೆ ಕಟ್ಟಿದ್ದೇ ಮೆರೆಯಲಿಕ್ಕೆ, ಅಲ್ಲಿ ಯಾರು ಏನು ಉಟ್ಟು ನಿಂತರೂ ನಡೆಯುತ್ತದೆ. ಗೇರುಸೊಪ್ಪದ ಮಾತು ಬೇರೆ. ಶರಾವತಿಯ ದಡದ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿಯೊಂದೇ ಇಲ್ಲ. ಅದರ ಸುತ್ತಿನ ಕಾಡಿನಲ್ಲಿ ಸತ್ತವರ ಹೆಸರಿನ ಕಲ್ಲುಗಳೂ ಇವೆ. ಅಲ್ಲಿಗೆ ವೇಷ ತೊಟ್ಟು ಹೋಗುವವರು ಅರ್ಧ ಸ್ಮಶಾನಕ್ಕೆ ಹೋಗುತ್ತಿರುತ್ತಾರೆ. ಅದು ಅವರಿಗೂ ಗೊತ್ತಿರುವುದಿಲ್ಲ, ಅವರನ್ನು ಹೊಗಳುವವರಿಗೂ ಗೊತ್ತಿರುವುದಿಲ್ಲ.

ಆ ಕಾಳುಮೆಣಸಿನ ರಾಣಿ, ಗೇರುಸೊಪ್ಪದ ಚೆನ್ನಭೈರಾದೇವಿಯ ಕಥೆಯನ್ನು ಮತ್ತೆ ಹೇಳಬೇಕಾಗಿಲ್ಲ. ಐವತ್ತು ವರ್ಷ ದಾಟಿದ ಆಳ್ವಿಕೆ, ಪೋರ್ಚುಗೀಸರ ಜೊತೆಗಿನ ಜಗಳ, ಕೆಳದಿಯ ವೆಂಕಟಪ್ಪ ನಾಯಕನ ದಾಳಿ, ಇಕ್ಕೇರಿಯ ಸೆರೆ: ಹೊನ್ನಾವರದ ಶಾಲೆಯ ಮಕ್ಕಳೂ ಇಷ್ಟನ್ನು ಒಪ್ಪಿಸಿಯಾರು. ನನ್ನ ಪ್ರಶ್ನೆ ರಾಣಿಯ ಬಗ್ಗೆ ಅಲ್ಲ, ಚಿತ್ರದ ಬಗ್ಗೆ.

ಈ ಬಗೆಯ ಚಿತ್ರಗಳಿಗೆಲ್ಲ ಒಂದು ಸಿದ್ಧ ಅಚ್ಚಿದೆ. ನಡುವೆ ವಧು, ಗಲ್ಲ ತುಸು ಮೇಲೆ, ನೋಟ ಎತ್ತಲೋ ದೂರಕ್ಕೆ. ಒಂದು ಕೈ ಕತ್ತಿಯ ಹಿಡಿಯ ಮೇಲೆ, ಇನ್ನೊಂದು ಮೊಣಕೈ ಪಕ್ಕದ ಕಲ್ಲಿನ ಮೇಲೆ. ಕಾಲಬುಡದಲ್ಲಿ ಬಣ್ಣದ ಹೊಗೆ. ಲೆನ್ಸಿನ ಅಪರ್ಚರ್ 1.8ಕ್ಕೆ ತೆರೆದಿರುತ್ತದೆ, ಆದ್ದರಿಂದ ಕಣ್ಣಿನ ರೆಪ್ಪೆ ಒಂದೊಂದಾಗಿ ಕಾಣುತ್ತದೆ, ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿಹೋಗಿರುತ್ತದೆ. ಛಾಯಾಗ್ರಾಹಕರು ಹೆಮ್ಮೆಪಡುವುದು ಈ ಕರಗುವಿಕೆಗೇ. ನನ್ನ ಆಕ್ಷೇಪವೂ ಸರಿಯಾಗಿ ಅಲ್ಲಿಯೇ ಇದೆ.

ಕರಗಿಹೋದದ್ದು ಏನೆಂದು ನೋಡಬೇಕು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಕೆಯಲ್ಲಿ ವೀರ ಸತ್ತ ಹೋರಾಟ, ನಡುವಿನಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಅವನು ಸೇರಿದ ದೈವದ ಸನ್ನಿಧಿ. ಮೊಣಕೈ ಊರಿದರೆ ಮೇಲುಪಟ್ಟಿಕೆ ಮುಚ್ಚಿತು. ಸೆರಗು ಹರಡಿದರೆ ಕೆಳಪಟ್ಟಿಕೆ ಹೋಯಿತು. ಚಿತ್ರದಲ್ಲಿ ಉಳಿಯುವುದು ನಡುವಿನ ಅಪ್ಸರೆಯರು ಮಾತ್ರ, ಅವರೂ ಮಸುಕು. ಅಂದರೆ ಸಾವನ್ನೂ ಅದರ ಫಲವನ್ನೂ ತೆಗೆದುಹಾಕಿ, ನಡುವೆ ಹಾರುವ ಹೆಂಗಸರನ್ನು ಮಾತ್ರ ಅಲಂಕಾರಕ್ಕೆಂದು ಉಳಿಸಿಕೊಂಡಂತಾಯಿತು. ನಿಷಿಧಿಗೆ ಆಗುವ ಗತಿ ಇನ್ನೂ ಕೆಟ್ಟದ್ದು. ಅದರಲ್ಲಿ ಯುದ್ಧವಿಲ್ಲ, ಕುದುರೆಯಿಲ್ಲ. ಎದುರುಬದುರು ಕುಳಿತ ಗುರುಶಿಷ್ಯರು, ನಡುವೆ ಓಲೆಗರಿ ಇಡುವ ಪೀಠ, ಮೇಲೆ ಜಿನ, ಪಕ್ಕದಲ್ಲಿ ನಾಲ್ಕು ಸಾಲು ಬರಹ. ಉಪವಾಸವಿದ್ದು, ತಿಳಿದು ತಿಳಿದೇ ದೇಹ ಬಿಟ್ಟವರ ಗುರುತು ಅದು. ಇಷ್ಟು ಸದ್ದಿಲ್ಲದ ಶಿಲ್ಪ ಕ್ಯಾಮೆರಾಕ್ಕೆ ರುಚಿಸುವುದಿಲ್ಲ, ಹಾಗಾಗಿ ಅದು ಕುರ್ಚಿಯಾಗುತ್ತದೆ. ಆಹಾರವನ್ನೂ ಒಡವೆಯನ್ನೂ ಬಿಟ್ಟು ಹೋದವರ ಕಲ್ಲಿನ ಮೇಲೆ ಬಾಡಿಗೆ ಒಡವೆ ಹೇರಿಕೊಂಡು ಕೂರುವುದರಲ್ಲಿರುವ ವ್ಯಂಗ್ಯ ಆ ಚಿತ್ರದ ಯಾವ ಮೂಲೆಯಲ್ಲೂ ಇಲ್ಲ. ಇದ್ದಿದ್ದರೆ ನಾನೇ ಮೊದಲು ಮೆಚ್ಚುತ್ತಿದ್ದೆ.

ಮಾಸ್ತಿಕಲ್ಲಿನ ಮಾತನ್ನು ಹೇಳದೆ ಬಿಡುವಂತಿಲ್ಲ. ಕಂಬದಿಂದ ಚಾಚಿ ಮೇಲೆತ್ತಿದ ತೋಳು, ತೋಳಿಗೆ ಬಳೆ. ಗಂಡನ ಚಿತೆ ಏರಿದವಳ ಕೈ ಅದು. ಮದುವೆಯ ಬಳೆ ತೊಟ್ಟು ಅದರ ಪಕ್ಕದಲ್ಲಿ ಅದೇ ಭಂಗಿಯಲ್ಲಿ ಕೈಯೆತ್ತಿ ನಿಲ್ಲುವುದಕ್ಕೆ ಒಂದೋ ಭಾರಿ ಧೈರ್ಯ ಬೇಕು, ಇಲ್ಲವೇ ಭಾರಿ ಅಜ್ಞಾನ ಬೇಕು.

ಇನ್ನು ವೇಷ. ರಾಣಿಯೆಂದು ತೊಡಿಸುವುದು ರಜಪೂತ ಸಿನಿಮಾದ ಘಾಗ್ರಾ, ಧಾರಾವಾಹಿಯ ಕಿರೀಟ. ಅಡಕೆ, ಮೆಣಸು, ಉಪ್ಪುಗಾಳಿಯ ಸೀಮೆಯನ್ನಾಳಿದ ಜೈನ ಹೆಂಗಸಿಗೆ ಮರುಭೂಮಿಯ ಬಟ್ಟೆ! ಇದನ್ನು ನಮನವೆಂದು ಕರೆಯುವ ವಿಮರ್ಶಕರು ಬಟ್ಟೆಯನ್ನೂ ನೋಡಿಲ್ಲ, ಕಲ್ಲನ್ನೂ ನೋಡಿಲ್ಲ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಪಂಗಡ ನನ್ನನ್ನು ತಬ್ಬಿಕೊಳ್ಳಲು ಬರುತ್ತದೆ: ಸಂಸ್ಕೃತಿ ಕಾಯುವವರು. ಅವರಿಗೆ ಸತ್ತವರ ಜಾಗದಲ್ಲಿ ನಗುವೇ ಅಪಚಾರ. ಅವರನ್ನು ವಿಜಯಪುರಕ್ಕೆ ಕಳಿಸಬೇಕು. ಗೋಳಗುಮ್ಮಟ ಮಹಮ್ಮದ್ ಆದಿಲ್ ಶಾಹನ ಗೋರಿ. ಶಾಲಾ ಪ್ರವಾಸದ ಮಕ್ಕಳು ತಲೆಮಾರುಗಳಿಂದ ಅವನ ತಲೆಯ ಮೇಲೆ ನಿಂತು ಕೂಗಿ, ಸಿಳ್ಳೆ ಹಾಕಿ, ಪ್ರತಿಧ್ವನಿ ಎಣಿಸುತ್ತ ಬಂದಿದ್ದಾರೆ, ಮೇಷ್ಟ್ರುಗಳೇ ಕೂಗಿಸಿದ್ದಾರೆ. ಯಾವ ಸಂಸ್ಕೃತಿಯೂ ಕುಸಿದಿಲ್ಲ. ಕುಪ್ಪಳಿಯ ಕವಿಶೈಲದಲ್ಲಿ ಕುವೆಂಪು ಸಮಾಧಿಯಿದೆ, ಫೋಟೊ ತೆಗೆಸಿಕೊಳ್ಳದೆ ಅಲ್ಲಿಂದ ಇಳಿದು ಬಂದವರನ್ನು ನಾನು ಕಂಡಿಲ್ಲ. ಅದೂ ತಪ್ಪಲ್ಲ, ಯಾಕೆಂದರೆ ಹೋದವರು ಅವರನ್ನೇ ನೋಡಲು ಹೋಗಿರುತ್ತಾರೆ. ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ರಾಜಕಾರಣಿ ಸತೀಶ ಜಾರಕಿಹೊಳಿಯವರು ಅಂಬೇಡ್ಕರ್ ಪರಿನಿರ್ವಾಣದ ದಿನವಾದ ಡಿಸೆಂಬರ್ 6ರಂದು ಜನರನ್ನು ಕೂಡಿಸಿ ಉಂಡು ರಾತ್ರಿ ಕಳೆದಾಗಲೂ ಇದೇ ಕಾವಲುಗಾರರು ಗೊಣಗಿದರು. ಜಾರಕಿಹೊಳಿಯವರ ವಿಚಾರವನ್ನು ಒಪ್ಪಿ, ಒಪ್ಪದಿರಿ, ಅಲ್ಲಿ ಸ್ಮಶಾನ ಪರದೆಯಾಗಿರಲಿಲ್ಲ. ಅದೇ ವಿಷಯವಾಗಿತ್ತು. ಮಸಣದ ಭಯವನ್ನು ಮಸಣದಲ್ಲೇ ಕುಳಿತು ಮಾತಾಡಿದರು.

ಫೋಟೊಶೂಟ್ ಪಂಥದವರು ಈ ಬೆಳಗಾವಿಯನ್ನೇ ತಮ್ಮ ಪರ ಸಾಕ್ಷಿಯಾಗಿ ಎಳೆತರುತ್ತಾರೆ. ಸ್ವಲ್ಪ ಓದಿಕೊಂಡವರು ಬರ್ಲಿನ್ನಿನವರೆಗೂ ಹೋಗುತ್ತಾರೆ. ನಾಜಿಗಳು ಕೊಂದ ಯಹೂದ್ಯರ ಸ್ಮಾರಕದಲ್ಲಿ ಕುಣಿದು ಕುಪ್ಪಳಿಸಿ ಸೆಲ್ಫಿ ತೆಗೆದುಕೊಂಡವರ ಚಿತ್ರಗಳನ್ನು 2017ರಲ್ಲಿ ಶಹಾಕ್ ಶಪೀರಾ ಎಂಬ ಕಲಾವಿದ ಹೆಣದ ರಾಶಿಗಳ ಹಿನ್ನೆಲೆಗೆ ಅಂಟಿಸಿ ನಾಚಿಸಿದ. ಆಗ ಆ ಸ್ಮಾರಕದ ವಾಸ್ತುಶಿಲ್ಪಿ ಪೀಟರ್ ಐಸೆನ್‌ಮನ್ನರೇ ಶಪೀರಾನ ಮೇಲೆ ಮುನಿದರು. ಅದು ಹೂಳಿದ ನೆಲವಲ್ಲ, ಅಡಿಯಲ್ಲಿ ಯಾರೂ ಇಲ್ಲ, ಜನ ಮೊದಲಿನಿಂದಲೂ ಅಲ್ಲಿ ಆಡುತ್ತಾರೆ ಎಂಬುದು ಅವರ ವಾದ. ಇದನ್ನು ಹಿಡಿದುಕೊಂಡು ನಮ್ಮವರು ನಿಷಿಧಿಯ ಅಡಿಯಲ್ಲೂ ಹೆಣವಿಲ್ಲವಲ್ಲ ಅನ್ನುತ್ತಾರೆ.

ಹೆಣವಿಲ್ಲ, ನಿಜ. ವೀರಗಲ್ಲಿನ ಅಡಿಯಲ್ಲೂ ಇರಬೇಕೆಂದಿಲ್ಲ. ಆದರೆ ಬರ್ಲಿನ್ನಿನ ಕಾಂಕ್ರೀಟು ಕಂಬಗಳ ಮೇಲೆ ಒಂದಕ್ಷರವೂ ಕೊರೆದಿಲ್ಲ. ಆಡುವವರು ಯಾವ ಒಬ್ಬನ ಹೆಸರನ್ನೂ ತುಳಿಯುವುದಿಲ್ಲ. ನಮ್ಮ ಕಲ್ಲುಗಳಲ್ಲಿ ಹಾಗಲ್ಲ. ಇಂಥವನು, ಇಂಥ ಶಕದಲ್ಲಿ, ಹೀಗೆ ಎಂದು ಬರೆದಿರುತ್ತದೆ. ಬರಹವಿಲ್ಲದ ಎಷ್ಟೋ ವೀರಗಲ್ಲುಗಳಿಗೆ ಊರವರು ಇಂದಿಗೂ ಎಣ್ಣೆ ಹಚ್ಚಿ ಹೂ ಇಡುತ್ತಾರೆ, ಯಾರದೆಂದು ಮರೆತ ಮೇಲೂ ಯಾರದೋ ಎಂಬುದನ್ನು ಮರೆತಿಲ್ಲ. ದೇಹ ಅಡಿಯಲ್ಲಿದೆಯೋ ಇಲ್ಲವೋ ಎಂಬ ಲೆಕ್ಕ ಇಲ್ಲಿ ನಡೆಯದು. ಐಸೆನ್‌ಮನ್ ತಮ್ಮ ಕಟ್ಟಡದ ಬಗ್ಗೆ ಹೇಳಿದ್ದು ಅವರ ಕಟ್ಟಡಕ್ಕೆ ಸರಿ, ಅದನ್ನು ನಗರಬಸ್ತಿಕೇರಿಗೆ ಹೊತ್ತು ತರುವುದು ಸೋಮಾರಿತನ.

ಹಾಗಾದರೆ ರೀತಿ ಏನು? ಅದನ್ನು ಕಲಿಯಲು ದೂರ ಹೋಗಬೇಕಿಲ್ಲ. ಹೊನ್ನಾವರ, ಕುಮಟಾದ ನೆಲದಷ್ಟು ವೇಷ ಕಟ್ಟಲು ಬಲ್ಲ ನೆಲ ಕಡಿಮೆ. ಕೆರೆಮನೆಯವರು, ಚಿಟ್ಟಾಣಿಯವರು ಇಲ್ಲಿಯವರೇ. ಯಕ್ಷಗಾನದಲ್ಲಿ ವೇಷಕ್ಕೆ ಮೊದಲು ಚೌಕಿಯ ಗಣಪತಿಗೆ ಪೂಜೆ, ಅಲ್ಲಿಂದ ರಂಗಸ್ಥಳ, ಮಂಗಳದ ನಂತರ ವೇಷ ಕಳಚುವುದು. ಕಿರೀಟ ಕಟ್ಟಿಕೊಂಡವನು ತಾನು ಯಾರ ವೇಷ ಎಂದು ಬಲ್ಲವನಾಗಿರುತ್ತಾನೆ. ಅರಿಯದಿದ್ದರೆ ಭಾಗವತರು ಬಿಡುವುದಿಲ್ಲ. ಅರ್ಥ ಹೇಳಲು ಬಾರದ ವೇಷಕ್ಕೆ ಇಲ್ಲಿಯ ಪ್ರೇಕ್ಷಕ ಎದ್ದು ಹೋಗುತ್ತಾನೆ. ಫೋಟೊಶೂಟ್ ರಾಣಿಯನ್ನೂ ಇದೇ ಅಳತೆಗೆ ಹಚ್ಚಿದರೆ ಅನ್ಯಾಯವೇನಿಲ್ಲ: ನೀನು ಒರಗಿದ ಕಲ್ಲು ಯಾರದು ಎಂದು ಕೇಳಿದರೆ ಒಂದು ವಾಕ್ಯದ ಉತ್ತರ ಇರಬೇಕು. ಉತ್ತರವಿದ್ದವಳು ಅದೇ ಕಲ್ಲಿನ ಪಕ್ಕ ಕಿರೀಟ ತೊಟ್ಟು ನಿಂತರೂ ನಾನು ಒಪ್ಪುತ್ತೇನೆ. ಉತ್ತರ ಗೊತ್ತಿರುವವಳು ಅದರ ಮೇಲೆ ಕೂರುವುದಿಲ್ಲ ಎಂಬುದು ಬೇರೆ ಮಾತು.

ಕಾನೂನಿನ ಕಡೆಯಿಂದ ಹೆಚ್ಚು ನಿರೀಕ್ಷೆ ಬೇಡ. ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮು ಶವಸಂಸ್ಕಾರದ ಜಾಗಕ್ಕೆ ಅತಿಕ್ರಮಣ ಮಾಡುವುದನ್ನು ಅಪರಾಧವೆನ್ನುತ್ತದೆ, ಆದರೆ ಮನಸ್ಸು ನೋಯಿಸುವ ಉದ್ದೇಶ ಅಥವಾ ಅರಿವು ಇರಬೇಕು. ಇಲ್ಲಿ ಅರಿವೇ ಇಲ್ಲ, ರೋಗವೇ ಅದು. ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆಯೂ ಚಿತ್ರೀಕರಣದ ಪರವಾನಗಿಯ ನಿಯಮವೂ ಇವೆ, ಅವು ಕಲ್ಲು ಒಡೆಯದಂತೆ ನೋಡಿಕೊಳ್ಳುತ್ತವೆ, ಕಲ್ಲು ಮಸುಕಾಗದಂತೆ ಅಲ್ಲ. 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ಕೊಠಡಿಯಲ್ಲಿ ಸುಳ್ಳು ಆಪರೇಷನ್ ನಡೆಸಿ ಮದುವೆಯ ಫೋಟೊ ತೆಗೆಸಿಕೊಂಡ ಗುತ್ತಿಗೆ ವೈದ್ಯರು ಕೆಲಸ ಕಳೆದುಕೊಂಡರು. ಅಲ್ಲಿ ದೂರುವುದಕ್ಕೆ ಬದುಕಿರುವ ರೋಗಿಗಳಿದ್ದರು, ಅಧಿಕಾರಿಗಳಿದ್ದರು. ನಿಷಿಧಿಯ ಪರ ದೂರು ಕೊಡುವವರಿಲ್ಲ.

ಆದ್ದರಿಂದ ಕರಾವಳಿಯ ಛಾಯಾಗ್ರಾಹಕರಲ್ಲಿ ನೇರವಾಗಿ ಕೇಳುತ್ತೇನೆ. ಕಲ್ಲಿನ ಮುಂದೆ ಹುಡುಗಿಯನ್ನು ನಿಲ್ಲಿಸುವುದಾದರೆ ಅಪರ್ಚರ್ 8ಕ್ಕೆ ಇಳಿಸಿ. ಅವಳನ್ನು ಎರಡು ಮಾರು ಆಚೆ ನಿಲ್ಲಿಸಿ, ಕೆಳಪಟ್ಟಿಕೆಯಿಂದ ತುದಿಯ ಸೂರ್ಯಚಂದ್ರರವರೆಗೆ ಇಡೀ ಕಲ್ಲು ಚೌಕಟ್ಟಿನೊಳಗೆ ಬರಲಿ, ಅಕ್ಷರಗಳಿದ್ದರೆ ಓದುವಂತಿರಲಿ. ಅಷ್ಟು ಮಾಡಿದ ಮೇಲೂ ಚಿತ್ರ ಚೆನ್ನಾಗಿ ಕಂಡರೆ ಮದುಮಕ್ಕಳಿಗೆ ಕೊಡಿ. ಕಾಣದಿದ್ದರೆ ಮಿರ್ಜಾನಕ್ಕೆ ಹೋಗಿ, ಬೆಳಕು ಅಲ್ಲಿ ಸಂಜೆಗೆ ಇನ್ನೂ ಚೆನ್ನಾಗಿರುತ್ತದೆ.