ಸೆಟ್ ಅಸೈಡ್ ಮಾಡಬೇಕಾದ ಒಂದು ನಿಯಮ

ಇಂಗ್ಲಿಷ್ ಚೆನ್ನಾಗಿ ಬರೆಯುವುದನ್ನು ಹೇಳಿಕೊಡುವವರಿಗೆ ಪ್ರಿಯವಾದ ಒಂದು ನಿಯಮವಿದೆ: ಲ್ಯಾಟಿನ್ ಮೂಲದ ಉದ್ದನೆಯ ಪದ ಬೇಡ, ಚಿಕ್ಕ ನಾಟಿ ಪದ ಸಾಕು. ಜಾರ್ಜ್ ಆರ್ವೆಲ್ 1946ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಒತ್ತಿ ಹೇಳಿದ. ಗಚ್ಚಿಬೌಲಿಯಲ್ಲಿ ನಾನು ಕೂತ ಕಮ್ಯುನಿಕೇಶನ್ ತರಬೇತಿಗಳಲ್ಲೂ ಇದೇ ಪಾಠ. ಟಾಲರೇಟ್ ಬದಲು ಪುಟ್ ಅಪ್ ವಿತ್, ಪೋಸ್ಟ್‌ಪೋನ್ ಬದಲು ಪುಟ್ ಆಫ್, ಇನ್ವೆಸ್ಟಿಗೇಟ್ ಬದಲು ಲುಕ್ ಇಂಟು. ಸ್ಲೈಡಿನ ಎಡಕ್ಕೆ 'ಫಾರ್ಮಲ್', ಬಲಕ್ಕೆ 'ಫ್ರೆಂಡ್ಲಿ'.

ಈ 'ಸುಲಭ' ಯಾರ ಕಿವಿಗೆ ಸುಲಭ ಎನ್ನುವುದೇ ನನ್ನ ತಕರಾರು. ಇಂಗ್ಲಿಷ್ ಮನೆಮಾತಾದವರಿಗೆ ಪುಟ್ ಅಪ್ ವಿತ್ ಅಮ್ಮನ ಬಾಯಿಂದ ಬಂದಿರುತ್ತದೆ. ನಮಗೆ ಇಂಗ್ಲಿಷ್ ಬಂದದ್ದು ಪಠ್ಯಪುಸ್ತಕದಿಂದ. ನಮ್ಮ ತಂಡದಲ್ಲಿ ಸುರಪುರದ ಕಡೆಯ ಹುಡುಗನೊಬ್ಬನಿದ್ದ, ಹತ್ತನೇ ತನಕ ಕನ್ನಡ ಮಾಧ್ಯಮ. ಊಟದ ಹೊತ್ತಿಗೆ ಒಮ್ಮೆ ಕೇಳಿದ: "ಟಾಲರೇಟ್ ಅಂದ್ರ ಒಂದೇ ಅರ್ಥ ಅದ ಅಣ್ಣಾ. ಪುಟ್ ಅಪ್ ವಿತ್ ಅಂದ್ರ ಏನಿಡಬೇಕು, ಎಲ್ಲಿಡಬೇಕು, ಯಾರ ಜೋಡಿ ಇಡಬೇಕು?"

ಸರ್ವರ್ ಬಿದ್ದ ಒಂದು ರಾತ್ರಿ ಅವನು ಕ್ಲೈಂಟಿಗೆ 'ಇನ್ವೆಸ್ಟಿಗೇಟ್ ಮಾಡುತ್ತೇವೆ' ಎಂದು ಬರೆದ. ಮೇಲ್ ಬಿಗಿಯಾಯಿತು, ಲುಕ್ ಇಂಟು ಅನ್ನಬೇಕಿತ್ತು ಎಂಬ ಟೀಕೆ ಬಂತು; ವರ್ಷದ ರಿವ್ಯೂನಲ್ಲೂ ಅದು ಕೂತಿತು. ಆ ವರ್ಷದ ಆನ್‌ಸೈಟ್ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಓದುಗನಾಗಿ ಹೇಳುತ್ತೇನೆ, ಅವನ ವಾಕ್ಯವೇ ಸರಿ. ಲುಕ್ ಇಂಟು ಅಂದರೆ 'ನೋಡೋಣ' ಅಂದಷ್ಟೇ. ಇನ್ವೆಸ್ಟಿಗೇಟ್ ಅಂದರೆ ಬುಡದ ತನಕ ಹೋಗಿ ಏನಾಯಿತೆಂದು ಹೇಳುತ್ತೇವೆ ಎಂಬ ಮಾತು ಕೊಟ್ಟಂತೆ. ಆ ರಾತ್ರಿ ಬೇಕಾಗಿದ್ದು ಅದು.

ಇಷ್ಟಕ್ಕೂ ಬಿಡಿಬಿಡಿ ಪದಗಳ ಕ್ರಿಯಾಪದವೆಲ್ಲ ಸಲುಗೆಯ ಮಾತು ಅನ್ನುವುದೇ ತಪ್ಪು. ಕೆಳಗಿನ ಕೋರ್ಟಿನ ಆದೇಶವನ್ನು ಹೈಕೋರ್ಟು ರದ್ದು ಮಾಡುವಾಗ ಇಂಗ್ಲಿಷ್ ತೀರ್ಪಿನಲ್ಲಿ ಬರುವುದು 'ಸೆಟ್ ಅಸೈಡ್'. ಅದಕ್ಕಿಂತ ಫಾರ್ಮಲ್ ಜಾಗ ಯಾವುದು? ನಮ್ಮ ಪತ್ರಿಕೆಗಳನ್ನೇ ನೋಡಿ: ತೀರ್ಪು ಎತ್ತಿಹಿಡಿದರು, ಆರೋಪ ತಳ್ಳಿಹಾಕಿದರು, ವಿಚಾರಣೆ ಮುಂದೂಡಿದರು. ಎತ್ತು, ಹಿಡಿ, ತಳ್ಳು, ಹಾಕು ಎಲ್ಲವೂ ಹೊಲದಲ್ಲಿ ಮೂಟೆ ಹೊರುವಾಗಿನ ಮಾತುಗಳೇ. ಪದದ ಕುಲ ನೋಡಿ ಅದರ ಗತ್ತು ಹೇಳಲಾಗದು.

ಈ ಪ್ರಶ್ನೆ ಹೈದರಾಬಾದಿಗೆ ಹೊಸದೇನಲ್ಲ. ಊರಿನ ಆಚೆ ತುದಿಯಲ್ಲಿ, ಉಸ್ಮಾನಿಯಾ ಪಕ್ಕ, ಈಗ ಇಫ್ಲು ಎನ್ನುವ ವಿಶ್ವವಿದ್ಯಾಲಯವಿದೆಯಲ್ಲ, ಅದು 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಆಗಿ ಶುರುವಾಯಿತು. ನಮ್ಮವರೇ ಆದ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡಲೆಂದು ಕಟ್ಟಿದ ಸಂಸ್ಥೆ. ಆರಂಭದ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ವಿ.ಕೃ. ಗೋಕಾಕರು, ಮುಂದೆ ಕನ್ನಡಕ್ಕಾಗಿ ವರದಿ ಕೊಟ್ಟ ಅದೇ ಗೋಕಾಕರು. ಸ್ಲೈಡ್ ಮಾಡುವವರು ಕಲಿಯುವವರ ಮನೆಮಾತು ಯಾವುದೆಂದು ಮೊದಲು ಕೇಳಿದ್ದರೆ ಎಡ-ಬಲದ ಪಟ್ಟಿ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಎರಡೂ ಬಗೆಯ ಪದ ಕೈಯಲ್ಲಿದ್ದು ಆರಿಸುವುದು ಹೇಗಿರುತ್ತದೆಂದು ನೋಡಲು ಎ.ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ' (1973) ತೆರೆಯಬೇಕು. ಕೂಡಲಸಂಗಮ ಎಂಬ ಹೆಸರಲ್ಲಿ ಕೂಡಲು ಕನ್ನಡ, ಸಂಗಮ ಸಂಸ್ಕೃತ; ಎರಡರದ್ದೂ ಒಂದೇ ಅರ್ಥ. ಕಾನ್‌ಫ್ಲುಯೆನ್ಸ್ ಎಂಬ ಪದ ಕೈಗೆಟಕುವಂತೆಯೇ ಇತ್ತು. ರಾಮಾನುಜನ್ ಅದನ್ನು ಬಿಟ್ಟು ನದಿಗಳು 'ಮೀಟ್' ಆಗುವ ಮಾತು ತಂದರು. ಹೆಸರಿನ ಕನ್ನಡದ ಅರ್ಧ ಇಂಗ್ಲಿಷಿಗೆ ದಾಟಿತು, ಸಂಗಮದ ಭಾರ ಇಲ್ಲೇ ಉಳಿಯಿತು. ಬಸವಣ್ಣ ದೇವರ ಜೊತೆ ಜಗಳಕ್ಕೆ ನಿಂತ ವಚನಗಳಲ್ಲಿ ಈ ಆಯ್ಕೆ ನನಗೆ ತುಂಬ ಸರಿ ಅನಿಸುತ್ತದೆ. ಕೈಮುಗಿದು ಶರಣಾದ ವಚನಗಳಲ್ಲಿ ಅದೇ ಹೆಸರು ಕೊಂಚ ಹಗುರವಾಗಿ ಕೇಳುತ್ತದೆ.